ನೀರು ಇಳಿದ ಮೇಲೆ ಗೋಡೆ ಒಣಗಲು ನಾಲ್ಕು ತಿಂಗಳು

2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಪೂರ್ವ ಭಾಗದಲ್ಲಿ ರಾಜಕಾಲುವೆಗಳು ಉಕ್ಕಿ ಎಷ್ಟೋ ಬಡಾವಣೆಗಳಿಗೆ ನೀರು ನುಗ್ಗಿತು. ನಮ್ಮ ನೆಲಮಹಡಿಯಲ್ಲಿ ಎರಡೂವರೆ ಅಡಿ ನೀರು ಒಂದೂವರೆ ದಿನ ನಿಂತಿತ್ತು. ಗೋಡೆ ಆರಿಂಚಿನ ಸಾಲಿಡ್ ಬ್ಲಾಕಿನದು, ಎರಡೂ ಕಡೆ ಸಿಮೆಂಟ್ ಪ್ಲಾಸ್ಟರಿಂಗ್, ಒಳಗಡೆ ಪುಟ್ಟಿ, ಮೇಲೆ ಎಮಲ್ಷನ್ ಬಣ್ಣ. ಊರಲ್ಲಿ ಹೆಚ್ಚಿನ ಮನೆಗಳು ಹೀಗೇ ಇರುವುದರಿಂದ ನಾನು ಮಾಡಿದ ಕ್ರಮವನ್ನು ಅಳತೆ ಸಮೇತ ಬರೆಯುತ್ತಿದ್ದೇನೆ.

ಮೊದಲು ಕರೆಂಟು. ನೀರಲ್ಲಿ ನಿಂತು ಮೇನ್ ಸ್ವಿಚ್ ಮುಟ್ಟಬಾರದು. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಕಂಬದಲ್ಲೇ ಲೈನ್ ತೆಗೆಸಬೇಕು. ಫ್ರಿಜ್, ವಾಷಿಂಗ್ ಮಷೀನಿನ ಪ್ಲಗ್ ಪಾಯಿಂಟ್‌ಗಳು ನೆಲಕ್ಕೆ ಹತ್ತಿರ ಇದ್ದುದರಿಂದ ಎಲ್ಲ ಮುಳುಗಿದ್ದವು. ಮುಳುಗಿದ ಸ್ವಿಚ್ಚು, ಅಪಾಯವಾದಾಗ ತಾನೇ ಕರೆಂಟು ಕಡಿಯುವ ಎಂಸಿಬಿ, ಆರ್‌ಸಿಸಿಬಿಗಳನ್ನು ಒಣಗಿಸಿ ಮತ್ತೆ ಹಾಕಬೇಡಿ. ಒಳಗೆ ಕೆಸರು ಕೂತಿದ್ದರೆ ಟ್ರಿಪ್ ಆಗಬೇಕಾದ ಗಳಿಗೆಯಲ್ಲಿ ಟ್ರಿಪ್ ಆಗುವುದಿಲ್ಲ. ಗೋಡೆಯೊಳಗಿನ ಪೈಪಿನಲ್ಲೂ ನೀರು ಉಳಿದಿರುತ್ತದೆ. ನೆಂದ ಭಾಗದ ವೈರುಗಳನ್ನು ಎಳೆಸಿ ಹೊಸದು ಹಾಕಿಸಿದೆ. ಎಲೆಕ್ಟ್ರಿಷಿಯನ್ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಇಟ್ಟು 500 ವೋಲ್ಟ್‌ನಲ್ಲಿ ಒಂದೊಂದೇ ಸರ್ಕ್ಯೂಟ್ ಅಳೆದರು. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದ ಸರ್ಕ್ಯೂಟಿಗೆ ಕರೆಂಟು ಕೊಡಲಿಲ್ಲ.

ಇನ್ಶೂರೆನ್ಸ್ ಇದ್ದರೆ ಏನನ್ನೂ ಎತ್ತುವ ಮೊದಲು ಫೋಟೊ ತೆಗೆಯಿರಿ. ಗೋಡೆ ಮೇಲಿನ ನೀರಿನ ಗುರುತಿಗೆ ಅಳತೆ ಟೇಪ್ ಹಿಡಿದು ತೆಗೆದ ಫೋಟೊ ಬಹಳ ಉಪಯೋಗಕ್ಕೆ ಬರುತ್ತದೆ.

ಕೆಸರನ್ನು ಹಸಿಯಿದ್ದಾಗಲೇ ಹೊರಹಾಕಬೇಕು, ಒಣಗಿದರೆ ಟೈಲ್ಸ್ ಸಂದಿಯಲ್ಲಿ ಕಲ್ಲಾಗುತ್ತದೆ. ಬಂದದ್ದು ಬರೀ ಮಳೆನೀರಲ್ಲ, ಯುಜಿಡಿ, ಅಂದರೆ ಒಳಚರಂಡಿಯ ನೀರೂ ಸೇರಿದ್ದು. ಗಂಬೂಟು, ರಬ್ಬರ್ ಗ್ಲೌಸ್ ಇಲ್ಲದೆ ಇಳಿಯಬೇಡಿ. ಮೊದಲು ಸೋಪಿನ ಪುಡಿ ಹಾಕಿ ಉಜ್ಜಿ ತೊಳೆದು, ಆಮೇಲೆ 10 ಲೀಟರ್ ಬಕೆಟ್ಟಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ, ತಿಳಿಯನ್ನು ನೆಲಕ್ಕೆ ಸುರಿದು ಹತ್ತು ನಿಮಿಷ ಬಿಟ್ಟೆ. ಕೊಳೆ ಇದ್ದಂತೆಯೇ ಬ್ಲೀಚಿಂಗ್ ಹಾಕಿದರೆ ಕ್ಲೋರಿನ್ನೆಲ್ಲ ಆ ಕೊಳೆಗೇ ಖರ್ಚಾಗುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಮಾತ್ರ ಇದನ್ನು ಎಂದೂ ಬೆರೆಸಬೇಡಿ, ಏಳುವ ಹೊಗೆ ಶ್ವಾಸಕೋಶ ಸುಡುತ್ತದೆ.

ಇನ್ನು ಗೋಡೆ. ಹೆಚ್ಚಿನವರು ಎಡವುವುದು ಇಲ್ಲೇ. ಹದಿನೈದು ದಿನಕ್ಕೆ ಗೋಡೆ ಮುಟ್ಟಿದರೆ ಒಣಗಿದಂತೆ ಕಾಣುತ್ತದೆ, ಪೇಂಟರ್ ಕೂಡ "ಹೊಡೆದುಬಿಡಾಣ ಸರ್" ಅನ್ನುತ್ತಾರೆ. ಒಣಗಿರುವುದು ಮೇಲಿನ ಪದರ ಅಷ್ಟೇ. ಎಮಲ್ಷನ್ ಬಣ್ಣ ಪ್ಲಾಸ್ಟಿಕ್ ಹಾಳೆಯಿದ್ದ ಹಾಗೆ, ಒಳಗಿನ ತೇವವನ್ನು ಆಚೆ ಬಿಡುವುದಿಲ್ಲ. ಎರಡು ತಿಂಗಳಿಗೆ ಗುಳ್ಳೆ ಎದ್ದು ಪುಟ್ಟಿ ಸಮೇತ ಉದುರುತ್ತದೆ, ದುಡ್ಡು ಎರಡು ಸಲ ಖರ್ಚು.

ನೀರಿನ ಗುರುತಿನ ಮೇಲೆ ಪೆನ್ಸಿಲ್ ಗೆರೆ ಎಳೆದಿಟ್ಟೆ. ಒಂದು ವಾರದಲ್ಲಿ ಪಸೆ ಆ ಗೆರೆಯಿಂದ ಮುಕ್ಕಾಲು ಅಡಿ ಮೇಲಕ್ಕೆ ಏರಿತ್ತು. ಅಲ್ಲಿಂದ ಇನ್ನೂ ಒಂದಡಿ ಮೇಲಿನವರೆಗೆ, ಅಂದರೆ ನೆಲದಿಂದ ಸುಮಾರು ನಾಲ್ಕೂಕಾಲು ಅಡಿ, ಬಣ್ಣ ಮತ್ತು ಪುಟ್ಟಿಯನ್ನು ಸ್ಕ್ರೇಪರಿನಲ್ಲಿ ಪೂರ್ತಿ ಕೆರೆಸಿದೆ. ನೆಂದ ಪುಟ್ಟಿ ಗಟ್ಟಿ ಮೊಸರಿನಂತೆ ಹೋಳುಹೋಳಾಗಿ ಬರುತ್ತದೆ, ಒಣಗಿದ್ದು ಬೂದಿಯಂತೆ ಹಾರುತ್ತದೆ. ಹಾಗಾಗಿ ಹಸಿಯಿದ್ದಾಗಲೇ ಮುಗಿಸುವುದು ಸುಲಭ, ಬೂಷ್ಟೂ ಪುಟ್ಟಿಯ ಜೊತೆಯೇ ಹೋಗುತ್ತದೆ. ಎನ್95 ಮಾಸ್ಕ್ ಹಾಕಿಕೊಳ್ಳಿ. ಸ್ಕರ್ಟಿಂಗ್ ಟೈಲ್ಸನ್ನೂ ತೆಗೆಸಿದೆ. ಗೋಡೆಯ ಬುಡವೇ ಕೊನೆಗೆ ಒಣಗುವ ಜಾಗ, ಅದನ್ನು ಮುಚ್ಚಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಸುತ್ತಿಗೆಯ ಹಿಡಿಯಿಂದ ಪ್ಲಾಸ್ಟರಿಂಗ್ ತಟ್ಟುತ್ತಾ ಹೋದೆ. ಟೊಳ್ಳು ಶಬ್ದ ಬಂದ ಕಡೆ ಒಡೆಸಿದೆ, ಉಳಿದದ್ದನ್ನು ಮುಟ್ಟಲಿಲ್ಲ.

ಗೋಡೆ ಒಣಗಲು ದಪ್ಪದ ಪ್ರತಿ ಇಂಚಿಗೆ ಒಂದು ತಿಂಗಳು ಎಂಬುದು ಹಳೆಯ ಲೆಕ್ಕ. ಆರಿಂಚಿನ ಗೋಡೆ ಎರಡೂ ಕಡೆಯಿಂದ ಒಣಗಿದರೆ ಮೂರು ತಿಂಗಳು. ಆದರೆ ಅಕ್ಟೋಬರ್ ಮಳೆ ಮುಗಿಯದೆ ಹೊರಗಿನ ಬಣ್ಣ ಕೆರೆಯುವಂತಿರಲಿಲ್ಲ, ಅದಕ್ಕೇ ನಾಲ್ಕಾಯಿತು. ಬಿಸಿಲಿದ್ದಾಗ ಕಿಟಕಿ ಪೂರ್ತಿ ತೆರೆದು ಫ್ಯಾನ್. ಮಳೆ ಬಂದರೆ ಕಿಟಕಿ ಮುಚ್ಚಿ, ಬಾಡಿಗೆಗೆ ತಂದ, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್. ಮಳೆಗಾಲದ ಗಾಳಿಯಲ್ಲೇ ತೇವ ತುಂಬಿರುವಾಗ ಕಿಟಕಿ ತೆರೆದು ಈ ಮಷೀನ್ ಓಡಿಸಿದರೆ ಅದು ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟಂತೆ.

ಅಕ್ಟೋಬರ್ ಹೊತ್ತಿಗೆ ಗೋಡೆ ಮೇಲೆ ಬಿಳಿ ಉಪ್ಪು ಹೂ ಬಿಟ್ಟಿತು. ಒಣ ಬ್ರಷ್‌ನಲ್ಲಿ ಉಜ್ಜಿ, ಕೆಳಗೆ ಪೇಪರ್ ಹಾಸಿ ಹಿಡಿದು ಆಚೆ ಹಾಕಬೇಕು. ನೀರು ಹಾಕಿ ಒರೆಸಿದರೆ ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ನಾಲ್ಕು ಸಲ ಉಜ್ಜಿದ ಮೇಲೆ ನಿಂತಿತು.

ತೇವ ನೋಡಲು ಒಂದಡಿ ಚೌಕದ ಪಾರದರ್ಶಕ ಪಾಲಿಥೀನ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಟ್ಟೆ. ನವೆಂಬರಿನಲ್ಲಿ ಹಾಳೆಯ ಒಳಮೈಯಲ್ಲಿ ಸಾಸಿವೆ ಕಾಳಿನಂಥ ಹನಿಗಳು. ಡಿಸೆಂಬರ್ ಕೊನೆಯಲ್ಲಿ ಬರೀ ಮಂಜು. ಜನವರಿ ಮೂರನೇ ವಾರ ಏನೂ ಇಲ್ಲ. ಮಾಯಿಶ್ಚರ್ ಮೀಟರ್ ಸಿಕ್ಕರೆ ಬಳಸಿ, ಆದರೆ ಅಗ್ಗದ ಮೀಟರುಗಳ ಅಂಕಿ ಮರಕ್ಕೆಂದು ಹೊಂದಿಸಿದ್ದು. ಮೇಲಿನ ಮಹಡಿಯ ಒಣ ಗೋಡೆಯಲ್ಲಿ ಎಷ್ಟು ತೋರಿಸುತ್ತದೋ ಅದಕ್ಕೆ ಹೋಲಿಸಿ ನೋಡಬೇಕು.

ಸಂಪಿನ ಕೆಲಸ ಈ ನಡುವೆಯೇ ಆಗಬೇಕು. ಹೊರಗೆ ನೆಲ ನೀರು ಕುಡಿದು ನಿಂತಿರುವಾಗ ಸಂಪು ಖಾಲಿ ಮಾಡಿದರೆ ಮಣ್ಣಿನ ನೀರು ಒತ್ತಿ ಗೋಡೆ ಬಿರಿಯಬಹುದು, ಆದ್ದರಿಂದ ಐದು ದಿನ ಕಾದೆ. ಮುಚ್ಚಳ ತೆರೆದಿಟ್ಟು ಗಾಳಿಯಾಡಿಸದೆ ಯಾರನ್ನೂ ಒಳಗೆ ಇಳಿಸಬೇಡಿ, ಮೇಲೊಬ್ಬರು ಇರಲೇಬೇಕು. ಉಜ್ಜಿ ತೊಳೆದ ಮೇಲೆ ತುಂಬಿಸಿ ಸಾವಿರ ಲೀಟರಿಗೆ 200 ಗ್ರಾಂ ಲೆಕ್ಕದಲ್ಲಿ, 6,000 ಲೀಟರಿಗೆ 1.2 ಕೆಜಿ ಬ್ಲೀಚಿಂಗ್ ಪೌಡರ್ ಕದಡಿ ತಿಳಿ ಸುರಿದೆ. ಅದೇ ನೀರನ್ನು ಓವರ್‌ಹೆಡ್ ಟ್ಯಾಂಕಿಗೆ ಏರಿಸಿ, ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು, ರಾತ್ರಿಯಿಡೀ ನಿಲ್ಲಿಸಿ ಮರುದಿನ ಖಾಲಿ ಮಾಡಿದೆ. ಅದಕ್ಕೆ ಮೊದಲೇ ಆರ್‌ಒ ಫಿಲ್ಟರಿನ ಲೈನ್ ಮುಚ್ಚಿ, ಕ್ಲೋರಿನ್ ಅದರ ಮೆಂಬ್ರೇನನ್ನು ಹಾಳುಮಾಡುತ್ತದೆ. ಕುಡಿಯುವ ಮೊದಲು ನೀರನ್ನು ಲ್ಯಾಬಿಗೆ ಕೊಟ್ಟು ನೋಡಿಸಿ. 100 ಮಿಲಿಯಲ್ಲಿ ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಒಂದೂ ಇರಬಾರದು.

ಮರದ ಸಾಮಾನು: ಮರದ ಪುಡಿ, ನಾರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಉಬ್ಬಿದರೆ ಮುಗಿಯಿತು, ಎಸೆಯಿರಿ. ಸಾದಾ ಕಮರ್ಷಿಯಲ್ ಪ್ಲೈವುಡ್ ಪದರ ಬಿಡುತ್ತದೆ, ನೀರು ತಡೆಯುವ ಐಎಸ್ 710 ದರ್ಜೆಯ ಮರೀನ್ ಪ್ಲೈ ಉಳಿಯುತ್ತದೆ. ಹಾಸಿಗೆ, ಸೋಫಾ ಸ್ಪಂಜು ಉಳಿಸುವ ಪ್ರಯತ್ನವೇ ಬೇಡ.

ಬಣ್ಣ ಜನವರಿ ಕೊನೆಗೆ ಹೊಡೆಸಿದೆ. ಬಾಗಿಲುಗಳು ಮೊದಮೊದಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದ್ದವು, ಕೀಸಿಕೊಡುತ್ತೇನೆಂದು ಬಡಗಿ ಎರಡು ಸಲ ಬಂದಿದ್ದರು. ಉಬ್ಬಿದ ಮರ ಕೀಸಿದರೆ ಒಣಗಿದ ಮೇಲೆ ಬೆರಳು ತೂರುವಷ್ಟು ಸಂದಿ ಉಳಿಯುತ್ತದೆ. ಅದಕ್ಕೆ ಬೇಡವೆಂದು, ಬಾಗಿಲುಗಳನ್ನು ಕಳಚಿ ನೆರಳಿನಲ್ಲಿ ಇಟ್ಟಿಗೆಯ ಮೇಲೆ ಮಲಗಿಸಿ, ವಾರಕ್ಕೊಮ್ಮೆ ಮಗುಚುತ್ತಿದ್ದೆ. ಫೆಬ್ರುವರಿಯಲ್ಲಿ ಐದರಲ್ಲಿ ನಾಲ್ಕು ಹಾಗೇ ಕೂತವು, ಒಂದಕ್ಕೆ ಮಾತ್ರ ಕೆಳಗಂಚಿನಲ್ಲಿ ಎರಡು ಮಿಲಿಮೀಟರ್ ಕೀಸಿಸಬೇಕಾಯಿತು.