ಘಟ್ಟದ ಮೇಲೆ ಟ್ವೀಡ್, ಘಟ್ಟದ ಕೆಳಗೆ ಖಾದಿ: ಒಬ್ಬ ದರ್ಜಿಯ ಅನುಭವ

ನಾನು ಶಿರಸಿಯಲ್ಲಿ ಗಂಡಸರ ಉಡುಪು ಹೊಲಿಯುವವನು. ಅಪ್ಪನ ಕಾಲದಲ್ಲಿ ನಮ್ಮ ಅಂಗಡಿಗೆ ಕೋಟಿನ ಕೆಲಸ ಬರುತ್ತಿದ್ದುದು ಮದುವೆಯ ದಿನಗಳಲ್ಲಿ ಮಾತ್ರ. ಈಗ ಮಳೆಗಾಲ ಮುಗಿಯುತ್ತಿದ್ದಂತೆ ಹುಡುಗರು ಮೊಬೈಲಿನಲ್ಲಿ ಚಿತ್ರ ಹಿಡಿದು ಬರುತ್ತಾರೆ: ಕಂದು ಟ್ವೀಡ್ (ಒರಟಾದ ದಪ್ಪ ಉಣ್ಣೆಬಟ್ಟೆ) ಕೋಟು, ಬೂದು ಫ್ಲಾನೆಲ್ (ಮೃದುವಾದ ಉಣ್ಣೆಬಟ್ಟೆ) ಪ್ಯಾಂಟು, ನಡುವೆ ಉಣ್ಣೆಯ ಸ್ವೆಟರು, ಕಾಲಿಗೆ ತೂತಿನ ಕುಸುರಿಯ ಬ್ರೋಗ್ ಶೂ, ಹಿಂದೆ ಹಳದಿ ಎಲೆ ಉದುರಿದ ರಸ್ತೆ. ಇಂಗ್ಲೆಂಡಿನ ಗಂಡಸರು ಶರತ್ಕಾಲಕ್ಕೆಂದು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ತೊಡುತ್ತ ಬಂದಿರುವ ಈ ಉಡುಪನ್ನು ಉತ್ತರ ಕನ್ನಡದಲ್ಲಿ ದಿನವೂ ತೊಡಲು ಸಾಧ್ಯವೇ ಎಂದು ಅವರು ಕೇಳಿದಾಗ, ಹಾರಿಕೆಯ ಉತ್ತರ ಕೊಟ್ಟು ಹಣ ತೆಗೆದುಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಆದ್ದರಿಂದ ಒಂದೊಂದನ್ನೇ ನನ್ನ ಮೈಯಳತೆಗೆ ಹೊಲಿದುಕೊಂಡು, ಅಂಗಡಿಗೂ ಪೇಟೆಗೂ ಕಾರವಾರದ ಕೆಲಸಗಳಿಗೂ ತೊಟ್ಟು ನೋಡಿದೆ. ಆ ಉಡುಪಿನ ತೂಕ ನಮಗೆ ಬೇಡ, ಅದರ ರೂಪ ಬೇಕು ಎಂಬ ಅಭಿಪ್ರಾಯಕ್ಕೆ ನಾನು ಬಂದದ್ದು ಹೀಗೆ.

ಮೊದಲು ಋತುವಿನ ಮಾತು. ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ದಿನ ಕಳೆದಂತೆ ಚಳಿ ಏರುತ್ತದೆ. ನಮ್ಮ ಶರದೃತು, ಅಂದರೆ ಆಶ್ವಯುಜ ಮತ್ತು ಕಾರ್ತಿಕ, ಇದಕ್ಕೆ ತೀರ ವಿರುದ್ಧ. ಮಳೆ ಹಿಂದೆ ಸರಿದ ಮೇಲೆ ಕಾರವಾರದಲ್ಲಿ ಅಕ್ಟೋಬರ್ ಮಧ್ಯಾಹ್ನದ ಬಿಸಿಲು ಆಗಸ್ಟಿನ ಬಿಸಿಲಿಗಿಂತ ಖಾರವಾಗಿರುತ್ತದೆ, ಗಾಳಿಯ ತೇವವೂ ಹಾಗೆಯೇ ಉಳಿದಿರುತ್ತದೆ. ಶಿರಸಿಯಲ್ಲಿ ನಿಜವಾದ ಚಳಿ ಬರುವುದು ಅಡಿಕೆ ಕೊಯ್ಲು ಜೋರಾಗುವ ಹೊತ್ತಿಗೆ. ಡಿಸೆಂಬರ್ ಮತ್ತು ಜನವರಿಯ ಬೆಳಗಿನ ಜಾವ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಹನ್ನೊಂದು ಗಂಟೆಗೆಲ್ಲ ಮತ್ತೆ ಅಂಗಿಯೊಂದೇ ಸಾಕೆನಿಸುತ್ತದೆ. ಹೀಗಾಗಿ ಅವರ ಶರತ್ಕಾಲದ ಉಡುಪಿಗೆ ನಮ್ಮಲ್ಲಿ ಸಿಗುವುದು ಹೇಮಂತದ ಬೆಳಗು ಮತ್ತು ಸಂಜೆಗಳು ಮಾತ್ರ.

ಈ ಬಟ್ಟೆಗಳ ಭಾರವನ್ನು ಗಿರಾಕಿಗಳು ಚಿತ್ರ ನೋಡಿ ಊಹಿಸಲಾರರು. ಸೂಟಿನ ಬಟ್ಟೆಯನ್ನು ಇಂದಿಗೂ ಗಜಕ್ಕೆ ಇಷ್ಟು ಔನ್ಸ್ ಎಂದು ಅಳೆಯುವ ಪದ್ಧತಿಯಿದೆ. ಬೇಸಿಗೆಯ ತೆಳು ಉಣ್ಣೆ 8 ಅಥವಾ 9 ಔನ್ಸ್, ಫ್ಲಾನೆಲ್ 12ರಿಂದ 14, ಹಳೆಯ ಮಾದರಿಯ ಟ್ವೀಡ್ 16ರಿಂದ 18. ಹದಿನಾರು ಔನ್ಸೆಂದರೆ ಮೀಟರಿಗೆ ಹೆಚ್ಚುಕಡಿಮೆ 500 ಗ್ರಾಂ. ಒಂದೂವರೆ ಮೀಟರ್ ಪನ್ನದ ಬಟ್ಟೆಯಲ್ಲಿ ಕೋಟಿಗೆ ಸುಮಾರು ಎರಡು ಮೀಟರ್ ಬೇಕು. ಅಲ್ಲಿಗೆ ಎದೆಗೆ ಆಕಾರ ಕೊಡುವ ಒಳಬಟ್ಟೆಯಾದ ಕ್ಯಾನ್ವಾಸ್, ಅಸ್ತರು, ಗುಂಡಿ ಸೇರುವ ಮೊದಲೇ ಒಂದು ಕಿಲೋ ಬಟ್ಟೆ ಹೆಗಲೇರಿತು. ಸ್ಕಾಟ್ಲೆಂಡಿನ ದ್ವೀಪಗಳ ಗಾಳಿಗೆ ಅದು ಹೇಳಿ ಮಾಡಿಸಿದ ಭಾರ. ಹ್ಯಾರಿಸ್ ಟ್ವೀಡ್ ಎಂದು ಕರೆಸಿಕೊಳ್ಳಬೇಕಾದರೆ ಹೊರ ಹೆಬ್ರಿಡೀಸ್ ದ್ವೀಪಗಳಲ್ಲೇ ನೂಲು ತೆಗೆದು ಬಣ್ಣ ಹಾಕಿ, ಅಲ್ಲಿನವರು ತಮ್ಮ ಮನೆಗಳಲ್ಲೇ ಕೈಮಗ್ಗದಲ್ಲಿ ನೇಯ್ದಿರಬೇಕೆಂದು ಬ್ರಿಟಿಷ್ ಸಂಸತ್ತು 1993ರಲ್ಲಿ ಕಾನೂನನ್ನೇ ಮಾಡಿದೆ. ಹವೆಗೂ ಬಟ್ಟೆಗೂ ಅಷ್ಟು ಬಿಗಿಯಾದ ನಂಟಿರುವಾಗ, ಅದನ್ನು ಇಲ್ಲಿಗೆ ತಂದು ತೊಡುವವನು ತನ್ನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ನನ್ನ ಟ್ವೀಡ್ ಕೋಟನ್ನು ಪೂರ್ತಿ ಅಸ್ತರು ಹಾಕಿ, ಶಾಸ್ತ್ರೋಕ್ತವಾಗಿಯೇ ಹೊಲಿದೆ. ಜನವರಿಯ ಬೆಳಿಗ್ಗೆ ಸ್ಕೂಟರಿನಲ್ಲಿ ಹೋಗುವಾಗ ಅದಕ್ಕಿಂತ ಒಳ್ಳೆಯ ಉಡುಪಿಲ್ಲ. ಎದೆಗೆ ಗಾಳಿ ತಾಗುವುದಿಲ್ಲ, ಇಬ್ಬನಿ ಮೇಲೆಯೇ ಹನಿಗಟ್ಟಿ ಕೊಡವಿದರೆ ಉದುರಿಹೋಗುತ್ತದೆ. ರಾತ್ರಿಯ ಯಕ್ಷಗಾನಕ್ಕೂ ತೊಟ್ಟು ಹೋಗಿದ್ದೇನೆ. ಸುತ್ತಲಿನವರ ಮಫ್ಲರು, ಶಾಲು, ಮಂಗನ ಟೋಪಿಗಳ ನಡುವೆ ಅದೇನೂ ಎದ್ದು ಕಾಣಲಿಲ್ಲ. ಆದರೆ ಅದೇ ಕೋಟಿನಲ್ಲಿ ಬೆಳಗಿನ ಬಸ್ಸು ಹತ್ತಿ ದೇವಿಮನೆ ಘಟ್ಟ ಇಳಿದರೆ, ಕತಗಾಲ ಬರುವ ಹೊತ್ತಿಗೆ ಕೋಟು ಮಡಿಲಿಗೆ ಬಂದಿರುತ್ತದೆ, ಕುಮಟಾದಲ್ಲಿ ಅದೊಂದು ಹೊರೆ, ಕಾರವಾರದ ಕಚೇರಿಗಳ ಮೆಟ್ಟಿಲಲ್ಲಿ ಅದನ್ನು ಕೈಯಲ್ಲಿ ಹಿಡಿದು ನಿಂತವನನ್ನು ಕಂಡರೆ ಯಾರಿಗಾದರೂ ಕನಿಕರ ಬರಬೇಕು. ಕರಾವಳಿಯಲ್ಲಿ ಟ್ವೀಡ್ ಬೇಡವೆಂದು ನಾನು ಗಿರಾಕಿಗಳಿಗೆ ನೇರವಾಗಿಯೇ ಹೇಳುತ್ತೇನೆ. ಏಸಿಯೊಳಗೆ ದಿನವಿಡೀ ಕೂರುವ ಕೆಲಸವಿದ್ದರೂ, ಆ ಕೋಣೆಗೆ ಹೋಗಿ ಬರುವ ದಾರಿ ಹೊರಗೇ ಇರುತ್ತದಲ್ಲ!

ಹಾಗಾದರೆ ಕಾರವಾರದವನು ಕೋಟಿನ ಆಸೆಯನ್ನೇ ಬಿಡಬೇಕೆ? ಬೇಡ, ಅವನು ಲಂಡನ್ನಿನ ಬದಲು ಇಟಲಿಯ ನೇಪಲ್ಸಿನ ಕಡೆ ನೋಡಿದರೆ ಸಾಕು. ಅದೂ ಕಡಲಂಚಿನ ಬಿಸಿಲೂರು. 1930ರ ದಶಕದಲ್ಲಿ ಅಲ್ಲಿನ ರುಬಿನಾಚ್ಚಿಯವರ ಅಂಗಡಿಯಲ್ಲಿ ಕತ್ತರಿ ಹಿಡಿದಿದ್ದ ವಿನ್ಚೆಂಜೊ ಅತ್ತೊಲಿನಿ, ಇಂಗ್ಲಿಷ್ ಕೋಟಿನ ಹೆಗಲಿನ ಹತ್ತಿಯನ್ನೂ ಒಳಗಿನ ಗಡಸು ಪದರಗಳನ್ನೂ ತೆಗೆದುಹಾಕಿ, ಅಂಗಿಯಂತೆ ಮೈಮೇಲೆ ಬೀಳುವ ಕೋಟನ್ನು ರೂಪಿಸಿದರು. ಆ ಅಂಗಡಿಯ ಹೆಸರು ಮಾತ್ರ ‘ಲಂಡನ್ ಹೌಸ್’ ಎಂದೇ ಇತ್ತು! ನಾನು ಕರಾವಳಿಗೆ ಹೊಲಿಯುವುದು ಈ ದಾರಿ ಹಿಡಿದು. ಬೆನ್ನಿಗೆ ಅಸ್ತರು ಹಾಕುವುದಿಲ್ಲ. ತೋಳಿಗೆ ಮಾತ್ರ ಹಾಕುತ್ತೇನೆ, ಇಲ್ಲವಾದರೆ ಬೆವರಿದ ಅಂಗಿಯ ಮೇಲೆ ತೋಳು ಜಾರುವುದಿಲ್ಲ. ಹೆಗಲಿಗೆ ಪ್ಯಾಡ್ ಇಲ್ಲ. ಎದೆಯ ಭಾಗಕ್ಕೆ ಇಸ್ತ್ರಿಯ ಬಿಸಿಯಲ್ಲಿ ಅಂಟಿಸುವ ಒಳಪದರವಾದ ಫ್ಯೂಸಿಂಗ್ ಬದಲು ತೆಳುವಾದ ಕ್ಯಾನ್ವಾಸನ್ನು ಕೈಹೊಲಿಗೆಯಲ್ಲಿ ಕೂರಿಸುತ್ತೇನೆ, ಏಕೆಂದರೆ ಬಿಸಿ ಇಸ್ತ್ರಿಗೂ ಡ್ರೈಕ್ಲೀನಿಂಗಿಗೂ ಸಿಕ್ಕಿ ಫ್ಯೂಸಿಂಗಿನ ಅಂಟು ಬಿಟ್ಟರೆ ಎದೆಯ ಮೇಲೆ ಗುಳ್ಳೆ ಏಳುತ್ತದೆ, ಆಮೇಲೆ ಆ ಕೋಟಿಗೆ ಮದ್ದಿಲ್ಲ. ಅಸ್ತರು ಇಲ್ಲದ ಕೋಟು ಅಗ್ಗವೆಂದು ಗಿರಾಕಿಗಳು ತಿಳಿಯುತ್ತಾರೆ. ಮುಚ್ಚಿಡಲು ಅಸ್ತರು ಇಲ್ಲದಿರುವಾಗ ಒಳಗಿನ ಪ್ರತಿ ಹೊಲಿಗೆಯ ಅಂಚಿಗೂ ಪೈಪಿಂಗ್, ಅಂದರೆ ಅಂಚು ಮುಚ್ಚುವ ಬಟ್ಟೆಪಟ್ಟಿ, ಕಟ್ಟಬೇಕಾಗುತ್ತದೆ, ಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಬಟ್ಟೆಗೆ ನಾನು ಆರಿಸಿಕೊಂಡದ್ದು ದಪ್ಪ ನೂಲಿನ ಹತ್ತಿ ಖಾದಿ, ಕಾಫಿ ಬೀಜದ ಬಣ್ಣದ್ದು. ಕೈನೂಲಿನ ದಪ್ಪ ಒಂದೇ ಸಮ ಇರುವುದಿಲ್ಲವಾದ್ದರಿಂದ ಟ್ವೀಡಿನಲ್ಲಿ ಕಾಣುವ ಒರಟು ಚೆಲುವು ಅದಕ್ಕೂ ಬರುತ್ತದೆ. ಕತ್ತರಿಸುವ ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಲೇಬೇಕು. ಖಾದಿ ಕುಗ್ಗುವುದು ಕೋಟಾಗುವ ಮೊದಲು ಆಗಿಬಿಡಲಿ. ಪನ್ನ ಕಿರಿದಾದ್ದರಿಂದ ಬಟ್ಟೆ ಮೂರು ಮೀಟರಿಗಿಂತ ಹೆಚ್ಚೇ ಬೇಕಾಗುತ್ತದೆ. ಕಿಸೆಗಳನ್ನು ಹೊರಗೆ ಅಂಟಿಸಿದಂತೆ ಹೊಲಿಯುತ್ತೇನೆ, ಒಳಗಿನ ಚೀಲದ ಪದರವೊಂದು ಕಡಿಮೆಯಾದರೆ ಸೊಂಟದ ಬಳಿ ಸೆಕೆಯೂ ಅಷ್ಟು ಕಡಿಮೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾರವಾರದ ಸಂಜೆಗೆ ಇಂಥ ಕೋಟನ್ನು ತೊಡಬಹುದು, ಮಧ್ಯಾಹ್ನವೂ ಫ್ಯಾನಿನ ಕೆಳಗಾದರೆ ಕಷ್ಟವಿಲ್ಲ.

ಕೋಟು ನಮ್ಮದಲ್ಲ ಎಂಬ ಆಕ್ಷೇಪವನ್ನು ಆಗಾಗ ಕೇಳುತ್ತೇನೆ. ಆದರೆ ನಮ್ಮ ಭಾಗದ ಹಳೆಯ ಶಾಲಾ ಮಾಸ್ತರರು ಕಚ್ಚೆ ಪಂಚೆಯ ಮೇಲೆ ಕುತ್ತಿಗೆ ಮುಚ್ಚುವ ಕೋಟು ತೊಟ್ಟು, ತಲೆಗೆ ಕರಿಟೋಪಿ ಇಟ್ಟು ಪಾಠ ಮಾಡಿದವರು. ಅವರ ಫೋಟೋಗಳು ಅನೇಕರ ಮನೆಯ ಜಗುಲಿಯಲ್ಲಿ ಇವೆ.

ಎಲ್ಲಕ್ಕಿಂತ ಹೆಚ್ಚು ಮನಸ್ಸು ಕೊಟ್ಟು ಮಾಡಿದ್ದು ಕಂಬಳಿಯ ವೇಸ್ಟ್‌ಕೋಟು. ಮಲೆನಾಡಿನ ಗದ್ದೆಗಳಲ್ಲಿ ಜಡಿಮಳೆಗೆ ಕಂಬಳಿಕೊಪ್ಪೆ ಹೊದ್ದು ಕೆಲಸ ಮಾಡಿದವರನ್ನು ನೋಡಿ ಬೆಳೆದವನಿಗೆ, ಟ್ವೀಡಿನ ಗುಣಗಳನ್ನು ಓದುವಾಗ ಪರಿಚಿತರ ಮಾತು ಕೇಳಿದಂತಾಗುತ್ತದೆ. ಉಣ್ಣೆಯ ನಾರು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆ ಎನಿಸುವುದಿಲ್ಲ. ಪಾಲಿಯೆಸ್ಟರ್ ಹೀರುವುದೇ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಬೆವರು ಚರ್ಮದ ಮೇಲೇ ನಿಲ್ಲುತ್ತದೆ. ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿ ಕಡೆ ಕುರುಬರು ಡೆಕ್ಕನಿ ಕುರಿಯ ಉಣ್ಣೆಯಿಂದ ನೇಯುವ ಕರಿಕಂಬಳಿಯೊಂದನ್ನು ತರಿಸಿದೆ. ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿ ಬಿರುಸು ಮಾಡಿರುತ್ತಾರೆ. ಅದು ಬಿಡುವವರೆಗೆ ತಣ್ಣೀರಿನಲ್ಲಿ ಮತ್ತೆ ಮತ್ತೆ ನೆನೆಸಿದೆ. ಗಂಜಿಯ ಅಂಟು ಹೋದ ಮೇಲೆ ಬಟ್ಟೆ ಬಾಗತೊಡಗಿತು. ಕತ್ತರಿಸಿದ ಅಂಚು ಕೂಡಲೇ ಎಳೆ ಬಿಡುತ್ತದೆ, ಆದ್ದರಿಂದ ಸೀಮೆಸುಣ್ಣದ ಗುರುತಿನ ಮೇಲೆ ಮೊದಲೇ ಒಂದು ಸಾಲು ಮಿಷನ್ ಹೊಲಿಗೆ ಹಾಕಿ, ಆಮೇಲೆ ಅದರ ಹೊರಗೆ ಕತ್ತರಿ ಆಡಿಸಿದೆ. ಸೂಜಿ 16ನೇ ನಂಬರಿನದು, ಹೊಲಿಗೆ ಉದ್ದನೆಯದು. ಕಾಜಾವನ್ನು ಮಿಷನ್ನಿನಲ್ಲಿ ಮಾಡುವ ಗೋಜಿಗೆ ಹೋಗದೆ, ಚರ್ಮದ ಕುಣಿಕೆಗಳನ್ನಿಟ್ಟೆ. ಒಳಗೆ ಮೃದುವಾದ ಹತ್ತಿಯ ಅಸ್ತರು ಕಡ್ಡಾಯ, ಇಲ್ಲವಾದರೆ ಅಂಗಿಯ ಮೂಲಕವೂ ಚುಚ್ಚುತ್ತದೆ.

ಅದನ್ನು ತೊಟ್ಟು ಅಂಗಡಿಯಲ್ಲಿ ಕೂತಿದ್ದಾಗ ಹಿರಿಯ ಗಿರಾಕಿಯೊಬ್ಬರು ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ, “ಇದು ಕಂಬಳಿಯೇ ಅಲ್ದಾ ಮಾಸ್ತರೇ?” ಎಂದರು. ಹೌದೆಂದೆ. “ನಮ್ಮ ಆಳು ಹೊದ್ಕಳದನ್ನ ನೀವು ಕೋಟು ಮಾಡಿದ್ರಿ,” ಎಂದು ನಕ್ಕವರು ಮುಂದಿನ ವಾರ ತಮಗೂ ಒಂದಕ್ಕೆ ಅಳತೆ ಕೊಟ್ಟರು. ತೋಳಿಲ್ಲದಿರುವುದರಿಂದ ಕೆಲಸಕ್ಕೆ ತೊಡಕಿಲ್ಲ, ಬಿಸಿಲೇರಿದಾಗ ಕಳಚಿ ಮೊಳೆಗೆ ತೂಗುಹಾಕಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಚಳಿಗೆ ಅಷ್ಟು ಸಾಕು. ಕೋಟಿಗಿಂತ ಇದನ್ನೇ ಮೊದಲು ಹೊಲಿಸಿಕೊಳ್ಳಿ ಎಂಬುದು ಈಗ ನಾನು ಕೊಡುವ ಸಲಹೆ.

ಪ್ಯಾಂಟಿನ ವಿಷಯದಲ್ಲಿ ತೀರ್ಮಾನ ಸುಲಭ. ತೆಳು ಫ್ಲಾನೆಲ್ ಘಟ್ಟದ ಮೇಲೆ ಎರಡು ತಿಂಗಳು ಚೆನ್ನಾಗಿ ನಡೆಯುತ್ತದೆ, ಮೊಣಕಾಲಿನವರೆಗೆ ಅಸ್ತರು ಹಾಕಿದರೆ ಚುಚ್ಚುವುದೂ ಇಲ್ಲ. ಅದಕ್ಕಿಂತ ಉಪಯೋಗಕ್ಕೆ ಬರುವುದು ಹತ್ತಿಯ ಕಾರ್ಡ್‌ರಾಯ್, ಅಂದರೆ ಉದ್ದುದ್ದ ಗೆರೆಗಳಲ್ಲಿ ರೋಮ ಎದ್ದಿರುವ ಬಟ್ಟೆ. ಅಂಗುಲಕ್ಕೆ 8 ಗೆರೆಯದು ದಪ್ಪ, ಅದು ಬೇಡ. 14 ಅಥವಾ 16 ಗೆರೆಯದು ಹಗುರ. ಇದರಲ್ಲಿ ದರ್ಜಿಯ ಜಾಣ್ಮೆ ಇರುವುದು ರೋಮದ ದಿಕ್ಕಿನಲ್ಲಿ. ಅಂಗೈ ಸವರಿದರೆ ಒಂದು ಕಡೆ ನುಣುಪು, ಇನ್ನೊಂದು ಕಡೆ ತಡೆ. ರೋಮ ಮೇಲ್ಮುಖವಾಗಿರುವಂತೆ ಕತ್ತರಿಸಿದರೆ ಬಣ್ಣ ಗಾಢವಾಗಿ ಕಾಣುತ್ತದೆ, ಮತ್ತು ಎಲ್ಲ ತುಂಡುಗಳೂ ಒಂದೇ ದಿಕ್ಕಿನವಾಗಿರಬೇಕು, ಇಲ್ಲವಾದರೆ ಎರಡು ಕಾಲಿಗೆ ಎರಡು ಬಣ್ಣ. ಬಟ್ಟೆ ಉಳಿಸಲು ತುಂಡುಗಳನ್ನು ಅದಲುಬದಲಾಗಿ ಹಾಸುವ ಅಭ್ಯಾಸ ಇಲ್ಲಿ ನಡೆಯದು. ಇಸ್ತ್ರಿಯನ್ನು ಮೇಲಿನಿಂದ ಒತ್ತಬಾರದು, ಒಳಮಗ್ಗುಲಿನಿಂದ ಹಬೆ ಕೊಟ್ಟರೆ ಸಾಕು.

ಸ್ವೆಟರಿಗೆ ನಾವು ದೂರ ಹೋಗಬೇಕಿಲ್ಲ. ಚಳಿಗಾಲ ಬಂತೆಂದರೆ ಟಿಬೆಟನ್ನರು ಊರೂರಿನಲ್ಲಿ ಸ್ವೆಟರಿನ ಮಳಿಗೆ ಹಾಕುತ್ತಾರೆ. ಅವರದೊಂದು ದೊಡ್ಡ ನೆಲೆ ನಮ್ಮ ಜಿಲ್ಲೆಯ ಮುಂಡಗೋಡಿನಲ್ಲೇ ಇದೆ. ಗುಂಡಿಯಿರುವ ಕಾರ್ಡಿಗನ್ ಕೊಳ್ಳಿ, ತಲೆಯಿಂದ ಎಳೆದುಕೊಳ್ಳುವುದು ಬೇಡ. ದಿನದಲ್ಲಿ ಎಷ್ಟೋ ಸಲ ಬಿಚ್ಚಿ ಹಾಕುವ ಹವೆ ನಮ್ಮದು. ಮಳೆಗೆ ತೊಡುವ ಉದ್ದನೆಯ ಟ್ರೆಂಚ್ ಕೋಟಿನ ಬಗ್ಗೆ ಕೇಳುವವರಿಗೆ ಹೇಳುವುದಿಷ್ಟು: ಥಾಮಸ್ ಬರ್ಬೆರಿ 1879ರಲ್ಲಿ ಕಂಡುಹಿಡಿದ ಗ್ಯಾಬರ್ಡಿನ್ ಒಳ್ಳೆಯ ಬಟ್ಟೆಯೇ ಹೌದು, ಆದರೆ ತುಂತುರಿಗೆ ತಡೆಯುವ ಆ ನೇಯ್ಗೆಯನ್ನು ನಮ್ಮ ಆಷಾಢದ ಮಳೆಯ ಮುಂದೆ ನಿಲ್ಲಿಸುವುದು ಅನ್ಯಾಯ. ಬ್ರೋಗ್ ಶೂವಿಗೆ ಚರ್ಮದ ಅಟ್ಟೆ ಬೇಡ, ರಬ್ಬರಿನದನ್ನು ಹಾಕಿಸಿ. ಕೆಮ್ಮಣ್ಣು ಆ ತೂತುಗಳಲ್ಲಿ ಕೂತರೆ ಹಲ್ಲುಜ್ಜುವ ಬ್ರಷ್ಷೇ ಗತಿ. ಬಣ್ಣಗಳಲ್ಲಿ ಮಾತ್ರ ನಾನು ಇಂಗ್ಲಿಷರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಕಂದು, ಸಾಸಿವೆ, ಪಾಚಿಹಸಿರು, ಇಟ್ಟಿಗೆಕೆಂಪು ನಮ್ಮ ಗೋಧಿಮೈಬಣ್ಣಕ್ಕೂ ಕಪ್ಪು ಮೈಗೂ ಕರಿ ಸೂಟಿಗಿಂತ ಚೆನ್ನಾಗಿ ಒಪ್ಪುತ್ತವೆ, ಧೂಳನ್ನೂ ತೋರಿಸುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಉಳಿಯುವ ದೊಡ್ಡ ತೊಂದರೆ ಚಳಿಯದಲ್ಲ, ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗೇ ಬೂಷ್ಟು ಹಿಡಿಯುತ್ತದೆ, ಉಣ್ಣೆಗೆ ನುಸಿಯೂ ಬೀಳುತ್ತದೆ. ನಾನು ಮೇ ತಿಂಗಳಲ್ಲಿ ಕಾಲರು, ಕಂಕುಳು, ಕಿಸೆಯ ಮೂಲೆಗಳನ್ನು ಬ್ರಷ್ಷಿನಿಂದ ತಿಕ್ಕುತ್ತೇನೆ, ಏಕೆಂದರೆ ನುಸಿಯ ಮರಿ ಹುಡುಕುವುದು ಬೆವರಿನ ಕಲೆಯನ್ನೇ. ಆಮೇಲೆ ಒಳಗು ಹೊರಗಾಗಿಸಿ ಬಿಸಿಲಿಗೆ ಹಾಕಿ, ತಣಿದ ಮೇಲೆ ಮುಚ್ಚಳ ಬಿಗಿಯಾದ ತಗಡಿನ ಪೆಟ್ಟಿಗೆಯಲ್ಲಿ ಹತ್ತಿಬಟ್ಟೆ ಸುತ್ತಿ ಇಡುತ್ತೇನೆ. ನುಸಿಗುಳಿಗೆಯನ್ನು ಕಾಗದದಲ್ಲಿ ಕಟ್ಟಿಡಬೇಕು, ಉಣ್ಣೆಗೆ ನೇರ ತಾಗಬಾರದು. ತೇವ ಹೀರಲು ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನು ಬಳಸುತ್ತೇನೆ. ಮೊದಲೆಲ್ಲ ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿಡುವ ಉಪಾಯವಿತ್ತು. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲವಾದ್ದರಿಂದ ಅದರಿಂದ ಪ್ರಯೋಜನವಿಲ್ಲ. ಕಾರವಾರ, ಅಂಕೋಲಾ ಕಡೆಯ ಗಿರಾಕಿಗಳು ಇಷ್ಟು ಆರೈಕೆ ಆಗದೆಂದರೆ ಅವರಿಗೆ ನಾನು ಉಣ್ಣೆಯನ್ನೇ ಹೊಲಿದುಕೊಡುವುದಿಲ್ಲ. ಖಾದಿಯ ಕೋಟನ್ನಾದರೆ ಮನೆಯಲ್ಲೇ ಒಗೆದು, ಹೆಗಲಗಲದ ಹ್ಯಾಂಗರಿಗೆ ಹಾಕಿ ಫ್ಯಾನಿನ ಕೆಳಗೆ ಒಣಗಿಸಿಕೊಳ್ಳಬಹುದು.