ನೆರೆ ಇಳಿದ ಮೇಲೆ ನೆರೆಮನೆಗೆ: ಚರ್ಚಿನ ತಂಡಗಳಿಗೆ ಕೆಲಸದ ಕ್ರಮ

ನಂಜನಗೂಡು, ತಿ. ನರಸೀಪುರ, ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ನಮ್ಮ ತಲೆಯ ಮೇಲೆ ಬಿಸಿಲಿದ್ದಾಗಲೂ ನೆರೆ ಬರುತ್ತದೆ. ವಯನಾಡಿನ ಮಳೆ ಕಬಿನಿಗೆ, ಕೊಡಗಿನ ಮಳೆ ಕೆಆರ್‌ಎಸ್‌ಗೆ ಇಳಿಯುತ್ತದೆ; ಅಣೆಕಟ್ಟು ತುಂಬಿದ್ದರೆ ಬಂದ ನೀರನ್ನೆಲ್ಲ ಹೊಳೆಗೇ ಬಿಡಬೇಕು. ಹಾಗಾಗಿ ನೀರು ಇಳಿದ ದಿನವೇ ಸಾಮಾನನ್ನೆಲ್ಲ ಮನೆಗೆ ಹೊರಿಸಬೇಡಿ. ಆಕಾಶ ನೋಡುವುದಕ್ಕಿಂತ ಹೊರಹರಿವು ಎಷ್ಟೆಂದು ವಿಚಾರಿಸಿ. ಅಣೆಕಟ್ಟಿನ ಪೂರ್ಣ ಮಟ್ಟ ಕೆಆರ್‌ಎಸ್‌ಗೆ 124.80 ಅಡಿ, ಕಬಿನಿಗೆ 2,284 ಅಡಿ; ನೀರು ಅಲ್ಲಿಗೆ ಮುಟ್ಟಿ ನಿಂತು, ಮೇಲೆ ಮಳೆ ಇನ್ನೂ ಸುರಿಯುತ್ತಿದ್ದರೆ ಹೊಳೆ ಮತ್ತೆ ಏರಬಹುದು. ಜಿಲ್ಲಾ ಕಂಟ್ರೋಲ್ ರೂಮಿನ ನಂಬರು 1077.

ಮೊದಲ ಭಾನುವಾರ ಪೂಜೆ ಮುಗಿದೊಡನೆ ಐವತ್ತು ಜನ ಪೊರಕೆ ಹಿಡಿದು ಹೊರಟರೆ ಕೆಲಸ ಕೆಡುತ್ತದೆ. ಇಬ್ಬರು ಮೊದಲು ಬೀದಿಯಲ್ಲಿ ಮನೆಮನೆಗೆ ಹೋಗಿ ಪಟ್ಟಿ ಮಾಡಲಿ: ಮನೆಯಲ್ಲಿ ಯಾರಿದ್ದಾರೆ, ನೀರು ಎಷ್ಟು ಎತ್ತರಕ್ಕೆ ನಿಂತಿತ್ತು, ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಬಾವಿ ಅಥವಾ ಸಂಪು ಇದೆಯೋ. ಒಂಟಿ ಮುದುಕರು, ಬಾಣಂತಿ, ಹಾಸಿಗೆ ಹಿಡಿದವರು ಇರುವ ಮನೆಗೆ ಮೊದಲ ಸರದಿ. ಯಾವ ಜಾತಿ, ಯಾವ ಧರ್ಮ ಎಂಬ ಕಾಲಂ ಆ ಪಟ್ಟಿಯಲ್ಲಿ ಇರಬಾರದು. ಅಕ್ಕಿ ಚೀಲದೊಳಗೆ ಕರಪತ್ರ ಇಡಬೇಡಿ, ಪ್ರಾರ್ಥನೆಗೆ ಬನ್ನಿ ಎಂದು ಕರೆಯಬೇಡಿ. ಮನೆ ಕಳೆದುಕೊಂಡವರ ಎದುರು ನಿಂತು ಅದನ್ನು ಕೇಳುವುದು ಅನ್ಯಾಯ.

ಕೆಸರಿಗೆ ಕೈ ಹಚ್ಚುವ ಮುನ್ನ ಫೋಟೋ ತೆಗೆಯಿರಿ. ಗೋಡೆಯ ಮೇಲಿನ ನೀರಿನ ಗುರುತು, ಬಿದ್ದ ಗೋಡೆ, ಹಾಳಾದ ದವಸ, ಸತ್ತ ದನ, ಎಲ್ಲವೂ ಮನೆಯವರ ಫೋನಿನಲ್ಲೇ ಇರಲಿ. ಗ್ರಾಮ ಆಡಳಿತ ಅಧಿಕಾರಿ (ಮೊದಲಿನ ಗ್ರಾಮ ಲೆಕ್ಕಿಗರು) ಬಂದು ಮಹಜರು ಮಾಡುವಾಗ ತೋರಿಸಲು ಏನೂ ಉಳಿಯದಂತೆ ನಾವು ಗುಡಿಸಿಬಿಟ್ಟರೆ ಅವರ ಪರಿಹಾರಕ್ಕೆ ನಾವೇ ಕಲ್ಲು ಹಾಕಿದಂತೆ. ಮನೆ ಭಾಗಶಃ ಹಾನಿ ಎಂದು ಲೆಕ್ಕಕ್ಕೆ ಬರಲು ಕನಿಷ್ಠ ಶೇ. 15 ಹಾನಿ ಕಾಣಬೇಕು. ಸಣ್ಣ ಬಿರುಕನ್ನೂ ಬಿಡದೆ ತೆಗೆಯಿರಿ.

ಒಳಗೆ ಕಾಲಿಡುವ ಮುನ್ನ ಮೀಟರ್ ಬೋರ್ಡಿನ ಮೇನ್ ಆಫ್ ಆಗಿರಬೇಕು. ಬೋರ್ಡು ಒದ್ದೆಯಿದ್ದರೆ ಅದನ್ನೂ ಮುಟ್ಟದೆ 1912ಕ್ಕೆ ಕರೆ ಮಾಡಿ ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮನ್ ಬರುವವರೆಗೆ ಕಾಯಿರಿ. ಮಣ್ಣಿನ ಗೋಡೆ ನೀರಿನಲ್ಲಿ ನಿಂತಾಗ ಬೀಳದೆ, ಆಮೇಲೆ ಬಿಸಿಲಿಗೆ ಒಣಗುವಾಗ ಬೀಳುವುದುಂಟು. ಬುಡ ಕರಗಿದ್ದರೆ ಅಥವಾ ಗೋಡೆ ಹೊಟ್ಟೆ ಬಿಟ್ಟಿದ್ದರೆ ಯಾರನ್ನೂ ಒಳಗೆ ಬಿಡಬೇಡಿ. ಕಪಾಟಿನ ಹಿಂದೆ, ಸೌದೆ ರಾಶಿಯಲ್ಲಿ ನಾಗರಹಾವು, ಕೊಳಕುಮಂಡಲ ಸೇರಿಕೊಂಡಿರುತ್ತವೆ. ಉದ್ದ ಕೋಲಿನಿಂದ ತಟ್ಟಿಯೇ ಕೈ ಹಾಕಿ. ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, 108 ಕರೆದು ನೇರ ಆಸ್ಪತ್ರೆಗೆ. ಕಾಲಲ್ಲಿ ಗಾಯ ಇರುವವರು ಕೆಸರಿಗೆ ಇಳಿಯುವುದು ಬೇಡ, ಇಲಿಜ್ವರ ಬರುವುದು ಆ ದಾರಿಯಲ್ಲೇ. ಉಳಿದವರಿಗೆ ಗಂಬೂಟು, ರಬ್ಬರ್ ಗ್ಲೌಸ್. ಹದಿನೆಂಟರ ಒಳಗಿನವರು ಅಡುಗೆಗೆ, ಪಟ್ಟಿ ಬರೆಯಲು ಸಾಕು.

ಕೆಸರು ಹಸಿಯಿರುವಾಗಲೇ ತೆಗೆಯಬೇಕು. ಒಣಗಿತೋ ಇಟ್ಟಿಗೆಯಂತೆ ಕೂರುತ್ತದೆ, ಕೆರೆದರೆ ಗಾರೆ ನೆಲವೂ ಜೊತೆಗೆ ಎದ್ದು ಬರುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯಲ್ಲಿ ಮೂರು ಅಂಗುಲ ಕೆಸರು ನಿಂತಿದ್ದರೆ ಅದು 25 ಘನ ಅಡಿ, ಒಂದು ಟನ್ನಿಗೂ ಹೆಚ್ಚು ತೂಕ. ಬಾಂಡ್ಲಿಗೆ 15 ಕೆ.ಜಿ. ಹಿಡಿದರೂ ಎಪ್ಪತ್ತೈದು ಸಲ ಹೊರಬೇಕು. ಒಂದು ಮನೆಗೆ ಆರು ಜನ ಹಾಕುವುದು ಇದಕ್ಕೇ: ಇಬ್ಬರು ಒಳಗೆ ಸನಿಕೆ ಹಿಡಿಯಲಿ, ಮೂವರು ಸಾಲಾಗಿ ನಿಂತು ಬಾಂಡ್ಲಿ ದಾಟಿಸಲಿ, ಒಬ್ಬರು ಮನೆಯೊಡತಿಯ ಪಕ್ಕ ಇರಲಿ. ಆ ಆರನೆಯವರ ಕೆಲಸ ಸಾಮಾನು ವಿಂಗಡಿಸುವುದು. ಇಡುವುದೋ ಎಸೆಯುವುದೋ ಎಂದು ಆಯಮ್ಮನೇ ಹೇಳಬೇಕು. ನಮ್ಮ ಕಣ್ಣಿಗೆ ಕಸವಾದ ತಗಡಿನ ಪೆಟ್ಟಿಗೆಯಲ್ಲಿ ಮದುವೆ ಸೀರೆ ಇರಬಹುದು.

ಹಿಂದಿನ ಮೂಲೆಯಿಂದ ಶುರುಮಾಡಿ ಬಾಗಿಲ ಕಡೆಗೆ ಹಲಗೆಯಿಂದ ತಳ್ಳಿಕೊಂಡು ಬನ್ನಿ. ಚರಂಡಿಗೆ ಮಾತ್ರ ಸುರಿಯಬೇಡಿ, ಮುಂದಿನ ಮಳೆಗೆ ಅದೇ ಕೆಸರು ವಾಪಸು ಬರುತ್ತದೆ. ರಸ್ತೆಯ ಒಂದು ಮಗ್ಗುಲಿಗೆ ರಾಶಿ ಹಾಕಿ ಟ್ರ್ಯಾಕ್ಟರಿಗೆ ತುಂಬಿಸಿ.

ಹಕ್ಕುಪತ್ರ, ಪಹಣಿ, ಪಡಿತರ ಚೀಟಿ ಸಿಕ್ಕರೆ ಅಂಟಿಕೊಂಡ ಹಾಳೆಗಳನ್ನು ಬಿಡಿಸಲು ಹೋಗಬೇಡಿ. ಇಡೀ ಕಟ್ಟನ್ನು ತಟ್ಟೆಯಲ್ಲಿಟ್ಟು, ಒಳ್ಳೆಯ ನೀರು ಮೆಲ್ಲಗೆ ಹರಿಸಿ ಕೆಸರು ಕಳೆಯಿರಿ. ಆಮೇಲೆ ಪತ್ರಿಕೆಯ ಹಾಳೆಗಳ ನಡುವೆ ಇಟ್ಟು ಒತ್ತಿ, ನೆರಳಲ್ಲಿ ಗಾಳಿಗೆ ಒಣಗಿಸಿ. ಗಂಟೆಗೊಮ್ಮೆ ಪತ್ರಿಕೆ ಬದಲಿಸಿ. ಅರ್ಧ ಒಣಗಿದಾಗ ಹಾಳೆಗಳು ತಾವಾಗಿಯೇ ಬಿಡುತ್ತವೆ.

ನೆನೆದು ಬೂಸ್ಟು ಹಿಡಿದ ರಾಗಿ, ಭತ್ತ ದನಕ್ಕೂ ಬೇಡ. ಬೂಸ್ಟಿನ ವಿಷ ಬೇಯಿಸಿದರೂ ಹೋಗುವುದಿಲ್ಲ.

ಬ್ಲೀಚಿಂಗ್ ಪೌಡರ್ ಎಲ್ಲಕ್ಕಿಂತ ಕೊನೆಗೆ. ಕೆಸರಿನ ಮೇಲೆ ಎರಚಿದ ಪೌಡರಿನ ಶಕ್ತಿಯೆಲ್ಲ ಕೆಸರಿಗೇ ಖರ್ಚಾಗುತ್ತದೆ, ರೋಗಾಣು ಹಾಗೇ ಉಳಿಯುತ್ತದೆ. ಗುಡಿಸಿ, ಸೋಪು ನೀರಿನಿಂದ ಉಜ್ಜಿ, ತೊಳೆದ ಮೇಲೆ 10 ಲೀಟರ್ ನೀರಿಗೆ 200 ಗ್ರಾಂ ಪೌಡರ್ ಕಲಸಿ ನೆಲಕ್ಕೆ, ನೀರು ನಿಂತಿದ್ದ ಎತ್ತರದವರೆಗೆ ಗೋಡೆಗೆ ಬಳಿಯಿರಿ. ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಕಕ್ಕಸು ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ, ಏಳುವ ಕ್ಲೋರಿನ್ ಗಾಳಿ ಶ್ವಾಸಕೋಶವನ್ನೇ ಸುಡುತ್ತದೆ. ಕಳೆದ ವರ್ಷ ಬಾಯಿ ಬಿಚ್ಚಿಟ್ಟ ಚೀಲ ಸ್ಟೋರ್ ರೂಮಿನಲ್ಲಿದ್ದರೆ ಅದನ್ನು ನಂಬಬೇಡಿ, ಸತ್ವ ಹೋಗಿರುತ್ತದೆ.

ಬಾವಿಯ ಕೆಲಸಕ್ಕೆ ಲೆಕ್ಕ ಬೇಕು. ದುಂಡು ಬಾವಿಯಾದರೆ ಮೀಟರಿನಲ್ಲಿ ಅಗಲವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಆಮೇಲೆ 785ರಿಂದ ಗುಣಿಸಿದರೆ ನೀರು ಎಷ್ಟು ಲೀಟರ್ ಎಂದು ಸಿಗುತ್ತದೆ. ಎರಡು ಮೀಟರ್ ಅಗಲ, ಐದು ಮೀಟರ್ ನೀರು ಇದ್ದರೆ 15,700 ಲೀಟರ್. ಮೊದಲು ಕೊಳೆನೀರನ್ನು ಪಂಪಿನಿಂದ ನಿಧಾನವಾಗಿ ಎತ್ತಿ. ಕಲ್ಲು ಕಟ್ಟದ ಬಾವಿಯನ್ನು ಒಂದೇ ಸಮ ಬರಿದು ಮಾಡಿದರೆ ಅಂಚು ಕುಸಿಯುತ್ತದೆ. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಬೇಡಿ, ಯಾರೂ ಇಳಿಯಲೂಬೇಡಿ. ಹೊಗೆ ಕೆಳಗೇ ನಿಂತು ಜೀವ ತೆಗೆಯುತ್ತದೆ. ಹೊಸ ನೀರು ಊರಿದ ಮೇಲೆ ಸಾವಿರ ಲೀಟರಿಗೆ 80 ಗ್ರಾಂ ಹೊಸ ಪೌಡರ್, ಅಂದರೆ ಈ ಬಾವಿಗೆ ಒಂದೂಕಾಲು ಕೆ.ಜಿ. ಒಂದು ಬಕೆಟ್ಟಿಗೆ 100 ಗ್ರಾಮಿಗಿಂತ ಹೆಚ್ಚು ಬೇಡ. ಮೊದಲು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಮುಕ್ಕಾಲು ಬಕೆಟ್ ನೀರು ಹಾಕಿ, ಹತ್ತು ನಿಮಿಷ ಬಿಡಿ. ತಳದಲ್ಲಿ ಸುಣ್ಣ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಬೇರೆ ಬಕೆಟ್ಟಿಗೆ ಬಗ್ಗಿಸಿ ಬಾವಿಗೆ ಇಳಿಸಿ, ನೀರೊಳಗೆ ಮೇಲೆ ಕೆಳಗೆ ಆಡಿಸಿ. ಸುಣ್ಣವೂ ಹೋದರೆ ನೀರು ಗಡಸಾಗುತ್ತದೆ. ರಾತ್ರಿ ಪೂರ್ತಿ ಬಿಟ್ಟು, ಮರುದಿನ ಘಾಟು ಹೋಗುವವರೆಗೆ ನೀರೆತ್ತಿ ಚೆಲ್ಲಿ. ಆಮೇಲಿನ ಮಾಮೂಲಿ ಪ್ರಮಾಣ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಆರೋಗ್ಯ ಕೇಂದ್ರದವರು ಪರೀಕ್ಷೆ ಮಾಡಿ ಹೇಳುವವರೆಗೆ ಕುದಿಸಿಯೇ ಕುಡಿಯಲಿ.

ಸಂಪು ಇದ್ದರೆ ಸುತ್ತಲ ನೆಲದ ನೀರು ಇಳಿಯುವ ಮುನ್ನ ಪೂರ್ತಿ ಬರಿದು ಮಾಡಬೇಡಿ, ಹೊರಗಿನ ಒತ್ತಡಕ್ಕೆ ಬಿರಿಯುತ್ತದೆ.

ಮೊದಲ ವಾರ ಒಲೆ ಹಚ್ಚಲಾಗದ ಮನೆಗಳಿಗೆ ದವಸದ ಕಿಟ್ ಪ್ರಯೋಜನವಿಲ್ಲ, ಬೇಯಿಸಿದ ಊಟ ಬೇಕು. ಅಡುಗೆ ಸಸ್ಯಾಹಾರವೇ ಆಗಿರಲಿ: ಅನ್ನ, ಬೇಳೆ ಸಾರು, ಒಂದು ಹೊತ್ತಿಗಾದರೂ ಮುದ್ದೆ. ಚರ್ಚಿನ ಅಂಗಳದಲ್ಲಿ ಬೆಂದದ್ದನ್ನು ಉಣ್ಣಲು ಹಿಂಜರಿಯುವ ಮನೆಗಳಿದ್ದರೆ ಬೇಸರ ಬೇಡ. ಅದೇ ಬೀದಿಯ ಹೆಂಗಸರನ್ನು ಒಲೆಯ ಮುಂದಕ್ಕೆ ಕರೆಯಿರಿ, ಇಲ್ಲವೇ ದಿನಸಿಯನ್ನು ಅವರ ಗುಡಿಯ ಅಡುಗೆಮನೆಗೆ ಕೊಟ್ಟು ಬನ್ನಿ.

ಮೂರನೇ ವಾರ ಅದೇ ಪಟ್ಟಿ ಹಿಡಿದು ಮತ್ತೆ ಹೋಗಿ. ಮೊಣಕಾಲೆತ್ತರದಲ್ಲಿ ಗೋಡೆಗೆ ಅಂಗೈ ಇಟ್ಟು ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಈಗ ಪೇಂಟ್ ಬಳಿದರೆ ಉಪ್ಪು ಬಿಟ್ಟು ಸುಲಿದು ಬರುತ್ತದೆ. ಸುಣ್ಣ ಆಗಬಹುದು, ಅದರ ಮೂಲಕ ಗೋಡೆ ಆರುತ್ತದೆ. ಮಂಚ, ಕಪಾಟು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಟ್ಟು, ಹಗಲೆಲ್ಲ ಕಿಟಕಿ ತೆರೆದಿಡಲು ಹೇಳಿ ಬನ್ನಿ.