ಬದಿಯಡ್ಕದ ಗುಡ್ಡೆಯಲ್ಲಿ ಬಾಕ್ಸ್ಟರ್ ಸಾಕುವ ಕ್ರಮ

ಗಲ್ಫಿನಲ್ಲಿ ದುಡಿದು ಊರಿಗೆ ಬಂದ ಹುಡುಗರು ನನ್ನ ಕಾರು ನೋಡಿ ಎರಡೇ ಪ್ರಶ್ನೆ ಕೇಳುತ್ತಾರೆ. "ಅಣ್ಣಾ, ಇದು ಎಷ್ಟರಲ್ಲಿ ಓಡ್ತದೆ?" ಮತ್ತೆ, "ಮೈಲೇಜ್ ಎಷ್ಟು?" ಲೀಟರಿಗೆ ಎಂಟೋ ಒಂಬತ್ತೋ ಕೊಡುತ್ತದೆ. ವೇಗದ ವಿಷಯ ಆಮೇಲೆ ಹೇಳುತ್ತೇನೆ. ಕಾಸರಗೋಡಿನಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಳ್ಳುವವರು ಕೇಳಬೇಕಾದ್ದು ಬೇರೆ. ನಿಮ್ಮ ಮನೆಯ ದಾರಿ ಅದು ಹತ್ತುತ್ತದಾ? ಮಳೆಗಾಲ ಇಡೀ ಅದನ್ನು ಎಲ್ಲಿ ನಿಲ್ಲಿಸುತ್ತೀರಿ?

ನನ್ನದು 2010ರ ಪೋರ್ಷೆ ಬಾಕ್ಸ್ಟರ್. ಎರಡು ಸೀಟು, ಮಡಚಿ ತೆಗೆಯುವ ಬಟ್ಟೆಯ ಟಾಪು, ಬೆನ್ನ ಹಿಂದೆ ಆರು ಸಿಲಿಂಡರಿನ 2.9 ಲೀಟರ್ ಇಂಜಿನ್, 255 ಪಿಎಸ್ ಶಕ್ತಿ. ಶಾರ್ಜಾದ ಒಂದು ಟಯರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಇಂಥ ಕಾರುಗಳ ಚಕ್ರ ಬಿಚ್ಚಿ ಹಾಕುತ್ತಿದ್ದೆ. ಓಡಿಸಲು ಸಿಗುತ್ತಿದ್ದದ್ದು ಅಂಗಡಿ ಬಾಗಿಲಿನಿಂದ ಪಾರ್ಕಿಂಗ್ ತನಕ ಮಾತ್ರ. ಆಸೆ ಹುಟ್ಟಿದ್ದು ಅಲ್ಲಿ. ಆಮೇಲೆ ಅದೇ ಅಂಗಡಿಯಲ್ಲಿ ಪಾಲುದಾರನಾದೆ, ಹಣ ಸೇರಿತು, ಊರಿಗೆ ಬಂದೆ. ಈಗ ಬದಿಯಡ್ಕದ ಹತ್ತಿರ ಅಡಕೆ ತೋಟ, ಗುಡ್ಡೆಯ ತಲೆಯಲ್ಲಿ ಮನೆ. ನಾನು ಬರೆಯುವುದು ಬಾಕ್ಸ್ಟರ್ ಬಗ್ಗೆ, ಆದರೆ ನೆಲಕ್ಕೆ ತಾಗುವ ಹಾಗಿರುವ ಯಾವ ಕಾರಿಗೂ ಹೆಚ್ಚುಕಡಿಮೆ ಇದೇ ಕ್ರಮ.

ಮೊದಲು ದಾರಿ ಅಳೆಯಿರಿ

ಕಾರು ನೋಡಲು ಹೋಗುವ ಮೊದಲೇ ಈ ಕೆಲಸ ಆಗಬೇಕು. ನಮ್ಮ ಕಡೆಯ ಮನೆಗಳು ಗೊತ್ತಲ್ವಾ, ಒಂದೋ ಗುಡ್ಡೆಯ ಮೇಲೆ, ಇಲ್ಲದಿದ್ದರೆ ತೋಟದ ತಗ್ಗಿನಲ್ಲಿ. ಏರು ಇದ್ದರೆ ತೊಂದರೆ ಇಲ್ಲ. ಏರು ಶುರುವಾಗುವ ಜಾಗ ಮತ್ತು ಮುಗಿಯುವ ಜಾಗ, ಇವೆರಡನ್ನೇ ನೋಡಬೇಕು. ಶುರುವಿನಲ್ಲಿ ಮುಂದಿನ ಬಂಪರ್ ಉಜ್ಜುತ್ತದೆ, ಮುಗಿಯುವಲ್ಲಿ ಹೊಟ್ಟೆ ಉಜ್ಜುತ್ತದೆ.

ಬಂಪರಿಗೆ ಹೀಗೆ ಮಾಡಿ. ಮುಂದಿನ ಟಯರ್ ನೆಲ ಮುಟ್ಟುವ ಜಾಗದಿಂದ ಬಂಪರಿನ ತುದಿಗೆ ಎಷ್ಟು ದೂರ, ಆ ತುದಿ ನೆಲದಿಂದ ಎಷ್ಟು ಎತ್ತರ ಎಂದು ಮಾರುವವರ ಹತ್ತಿರ ಟೇಪು ಹಿಡಿಸಿ ಕೇಳಿ. ದೂರ 80 ಸೆಂ.ಮೀ., ಎತ್ತರ 14 ಸೆಂ.ಮೀ. ಅಂದುಕೊಳ್ಳಿ. ಏರು ಶುರುವಾಗುವಲ್ಲಿ 80 ಸೆಂ.ಮೀ. ಉದ್ದದ ಹಲಗೆಯನ್ನು ಮಟ್ಟಸ ಹಿಡಿದು, ಅಷ್ಟು ದೂರದಲ್ಲಿ ನೆಲ ಎಷ್ಟು ಏರಿದೆ ನೋಡಿ. 12 ದಾಟಿದರೆ ಬೇಡ. ಪಕ್ಕದ ಸೀಟಿನಲ್ಲಿ ಒಬ್ಬರು ಕೂತು, ನೀವು ಬ್ರೇಕ್ ಒತ್ತಿದರೆ ಮೂತಿ ಮತ್ತೂ ಇಳಿಯುತ್ತದೆ. ಆ ಎರಡು ಸೆಂಟಿಮೀಟರ್ ಅದಕ್ಕೆ ಬಿಟ್ಟದ್ದು.

ಹೊಟ್ಟೆಗೆ ದಾರ ಬೇಕು. ಬಾಕ್ಸ್ಟರಿನ ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ನಡುವೆ ಸುಮಾರು 2.4 ಮೀಟರ್. 10 ಸೆಂ.ಮೀ. ಎತ್ತರದ ಎರಡು ಗೂಟ ಮಾಡಿ, ಅವುಗಳ ತಲೆಗೆ ಅಷ್ಟುದ್ದದ ದಾರ ಎಳೆದು ಕಟ್ಟಿ. ಏರಿನ ನೆತ್ತಿಯ ಆಚೆ ಒಂದು ಗೂಟ, ಈಚೆ ಒಂದು ಗೂಟ ಇಡಿ. ಮಧ್ಯದಲ್ಲಿ ನೆಲ ದಾರವನ್ನು ಮುಟ್ಟಿದರೆ ಕಾರಿನ ಹೊಟ್ಟೆಯನ್ನೂ ಮುಟ್ಟುತ್ತದೆ. ಗೂಟಗಳನ್ನು ಸ್ವಲ್ಪ ಸ್ವಲ್ಪವೇ ಜರುಗಿಸುತ್ತಾ ಇಡೀ ದಾರಿಗೆ ಹೀಗೆ ಮಾಡಿ.

ನಮ್ಮ ದಾರಿಯ ತಿರುವಿನಲ್ಲಿ ಒಂದು ಮುರಕಲ್ಲಿನ ಬಂಡೆ ದಾರವನ್ನು ಮುಟ್ಟಿತು. ಕಲ್ಲು ಕಡಿಯುವವರನ್ನು ಕರೆಸಿ ಅದನ್ನು ತಗ್ಗಿಸಿದೆ. ಟಯರ್ ಹೋಗುವಲ್ಲಿ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿದೆ. ತೋಡಿನ ಮೇಲಿನ ಚಪ್ಪಡಿಯ ಅಂಚನ್ನೂ ಇಳಿಜಾರು ಮಾಡಿಸಿದೆ. ಇದಕ್ಕೆಲ್ಲ ಆದ ಖರ್ಚು ಈ ಕಾರಿಗೆ ಒಂದು ಹೊಸ ಬಂಪರ್ ತರಿಸುವುದಕ್ಕಿಂತ ಕಡಿಮೆ. ಮಳೆ ಬಿಟ್ಟ ಮೇಲೆ ಪ್ರತಿ ವರ್ಷ ಇನ್ನೊಮ್ಮೆ ದಾರ ಹಿಡಿಯಬೇಕು. ಟಾರಿನ ಅಂಚು ಕೊರೆದು ಮೆಟ್ಟಿಲಾಗಿರುತ್ತದೆ.

ಯಾವುದನ್ನು ಹುಡುಕುವುದು

ದುಬೈಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಹಡಗಿಗೆ ಹಾಕಿ ತರಬಹುದಾ ಎಂದು ಕೇಳುತ್ತಾರೆ. ಆಗುವುದಿಲ್ಲ. ಅಲ್ಲಿನ ಕಾರಿಗೆ ಸ್ಟೀರಿಂಗ್ ಎಡಕ್ಕೆ. ನಮ್ಮಲ್ಲಿ ಹಳೆ ಕಾರು ಆಮದು ಮಾಡಬೇಕಾದರೆ ಸ್ಟೀರಿಂಗ್ ಬಲಕ್ಕಿರಬೇಕು, ಕಾರು ತಯಾರಾಗಿ ಮೂರು ವರ್ಷ ದಾಟಿರಬಾರದು. ಅದರ ಮೇಲೆ ಕಾರಿನ ಬೆಲೆಗಿಂತ ಜಾಸ್ತಿ ಸುಂಕ. ಆಸೆ ಬಿಟ್ಟು ಇಲ್ಲೇ ಹುಡುಕಿ.

ಬಾಕ್ಸ್ಟರ್ ಹುಟ್ಟಿದ್ದು 1996ರಲ್ಲಿ. 2008ರ ತನಕ ಬಂದ ಇಂಜಿನ್‌ಗಳ ಒಳಗೆ ಐಎಂಎಸ್ ಬೇರಿಂಗ್ ಅಂತ ಒಂದಿದೆ, ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ದಂಡ ತಿರುಗುವುದು ಅದರ ಮೇಲೆ. ಅದು ಹೋದರೆ ಇಂಜಿನ್ ಪೂರ್ತಿ ಹೋಗುತ್ತದೆ. ಎಲ್ಲ ಕಾರಿನಲ್ಲೂ ಹೋಗುತ್ತದೆ ಎಂದಲ್ಲ, ಆದರೆ ಅಮೆರಿಕದಲ್ಲಿ ಕೋರ್ಟಿಗೆ ಹೋಗಿ ರಾಜಿಯಾಗುವಷ್ಟು ದೊಡ್ಡ ವಿಷಯ ಆಗಿತ್ತು. 2009ರಲ್ಲಿ ಬಂದ ಹೊಸ ಇಂಜಿನ್‌ನಲ್ಲಿ ಆ ಬೇರಿಂಗೇ ಇಲ್ಲ. ಗುರುತು ಸುಲಭ. 2012ಕ್ಕಿಂತ ಮೊದಲಿನ ಸಾದಾ ಬಾಕ್ಸ್ಟರಿನಲ್ಲಿ 2.5 ಅಥವಾ 2.7 ಲೀಟರ್ ಇದ್ದರೆ ಹಳೆಯದು, 2.9 ಇದ್ದರೆ ಹೊಸತು. ಚೇಸಿಸ್ ನಂಬರಿನ ಹತ್ತನೇ ಅಕ್ಷರವನ್ನೂ ನೋಡಿ. 8 ಅಂದರೆ 2008ರ ಮಾಡೆಲ್, 9 ಅಂದರೆ 2009, ಎ ಅಂದರೆ 2010. ನಾನು ಎ ಇರುವುದನ್ನೇ ಕಾದು ಕೂತು ತೆಗೆದುಕೊಂಡೆ. ಕೊಟ್ಟ ಹಣಕ್ಕೆ ಒಂದು ಹೊಸ ಇನ್ನೋವಾ ಬರುತ್ತಿತ್ತು. ಹಾಗೆಂದು ಮನೆಯಲ್ಲಿ ಇವತ್ತಿಗೂ ನೆನಪಿಸುತ್ತಾರೆ.

ಕಾಗದ

ಇದರಲ್ಲಿ ಚೌಕಾಶಿ ಬೇಡ. ಬೇರೆ ರಾಜ್ಯದ ಕಾರಾದರೆ ಫಾರಂ 28ರ ಎನ್‌ಒಸಿ, ಹೆಸರು ಬದಲಾವಣೆಗೆ 29 ಮತ್ತು 30, ಸಾಲ ಇದ್ದರೆ ಅದು ತೀರಿದ್ದಕ್ಕೆ 35, ಕೆಎಲ್ 14ರ, ಅಂದರೆ ಕಾಸರಗೋಡಿನ ನಂಬರಿಗೆ 27. ಕೇರಳದಲ್ಲಿ ದುಬಾರಿ ಕಾರಿನ ತೆರಿಗೆ ಕೈ ಸುಡುತ್ತದೆ. 20 ಲಕ್ಷ ಮೀರಿದ ಹೊಸ ಕಾರಿಗೆ ಬೆಲೆಯ ಐದನೇ ಒಂದು ಪಾಲಿಗಿಂತ ಜಾಸ್ತಿ. ಹಳೆಯದಕ್ಕೆ ವಯಸ್ಸು ನೋಡಿ ಇಳಿಸುತ್ತಾರೆ. ಇದನ್ನು ತಪ್ಪಿಸಲು ಪುದುಚೇರಿಯ ಸುಳ್ಳು ವಿಳಾಸ ಕೊಟ್ಟು ನೋಂದಣಿ ಮಾಡಿಸಿದವರ ಮೇಲೆ 2017ರಲ್ಲಿ ಕೇಸುಗಳೇ ಆದವು. ಪಿವೈ ನಂಬರಿನ ಕಾರು ಅಗ್ಗಕ್ಕೆ ಸಿಕ್ಕಿದರೆ ಯಾಕೆ ಅಗ್ಗ ಎಂದು ಕೇಳಿ.

ಇನ್ನೊಂದು ಲೆಕ್ಕ ತುಂಬ ಜನ ಮರೆಯುತ್ತಾರೆ. ಆರ್‌ಸಿಗೆ 15 ವರ್ಷ ಆಯಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 20 ವರ್ಷ ದಾಟದ ಆಮದು ಕಾರಿಗೆ ಅದರ ಕೇಂದ್ರ ಶುಲ್ಕ 2022ರ ಏಪ್ರಿಲ್‌ನಿಂದ 40,000 ರೂಪಾಯಿ, ಸಾದಾ ಕಾರಿಗೆ 5,000. ಬೆಲೆ ಮಾತಾಡುವಾಗ ಇದನ್ನು ಮೊದಲೇ ಕಳೆದುಬಿಡಿ.

ನೋಡಲು ಹೋಗುವುದು ಆಟಿ ತಿಂಗಳಲ್ಲಿ

ಡಿಸೆಂಬರಿನಲ್ಲಿ ಎಲ್ಲ ಕಾರೂ ಚಂದ ಕಾಣುತ್ತದೆ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ ಜೋರು ಮಳೆ ಹೊಯ್ಯುವಾಗ ಹೋಗಿ, ಹೊರಗೆ ನಿಂತಿರುವ ಕಾರನ್ನೇ ನೋಡಿ. ಬಾಗಿಲು ತೆಗೆದ ಕೂಡಲೇ ಮೂಗು ಕೆಲಸ ಮಾಡಲಿ. ಒದ್ದೆ ಗೋಣಿಯ ವಾಸನೆ ಬಂದರೆ ಸೀಟಿನ ಅಡಿಗೆ ಕೈ ಹಾಕಿ, ಕಾರ್ಪೆಟ್ಟನ್ನು ಗಟ್ಟಿಯಾಗಿ ಒತ್ತಿ. ಮೇಲೆ ಒಣಗಿದ್ದರೂ ಕೆಳಗಿನ ಸ್ಪಂಜಿನಲ್ಲಿ ನೀರು ನಿಂತಿರುತ್ತದೆ. ಹಳೆಯ ಬಾಕ್ಸ್ಟರಿನಲ್ಲಿ ಅಲಾರಂ, ಇಮ್ಮೊಬಿಲೈಸರ್‌ಗಳ ಎಲೆಕ್ಟ್ರಾನಿಕ್ ಡಬ್ಬ ಇರುವುದು ಸೀಟಿನ ಕೆಳಗೆ. ಅಲ್ಲಿಗೆ ನೀರು ಹೋದರೆ ಕಾರು ಕೀಲಿಯ ಗುರುತೇ ಹಿಡಿಯುವುದಿಲ್ಲ.

ನೀರು ಎಲ್ಲಿಂದ ಬರುತ್ತದೆ? ಬಟ್ಟೆ ಹರಿದು ಬರುವುದು ಅಪರೂಪ. ಟಾಪು ಮಡಚಿ ಕೂರುವ ಜಾಗದ ಎರಡೂ ಬದಿಯಲ್ಲಿ ನೀರು ಇಳಿಯುವ ತೂತು ಇದೆ. ಮುಂದೆ ಗಾಜಿನ ಬುಡದಲ್ಲಿ, ಬ್ಯಾಟರಿ ಇರುವಲ್ಲೂ ಇದೆ. ಎಲೆ, ಧೂಳು ಸೇರಿ ಇವು ಕಟ್ಟುತ್ತವೆ, ನೀರು ಒಳಗೆ ತಿರುಗುತ್ತದೆ. ಟಾಪನ್ನು ಅರ್ಧ ತೆಗೆದು ನಿಲ್ಲಿಸಿ, ಟಾರ್ಚ್ ಹಿಡಿದು ಆ ತೂತು ಹುಡುಕಿ, ಒಂದು ಲೋಟ ನೀರು ಹೊಯ್ಯಿರಿ. ಕಾರಿನ ಅಡಿಯಲ್ಲಿ ಹಿಂದಿನ ಚಕ್ರದ ಮುಂದೆ ನೀರು ಬಿದ್ದರೆ ಸರಿ. ಮಾರುವವನು ಇದಕ್ಕೆ ಒಪ್ಪದಿದ್ದರೆ ಬೇರೆ ಕಾರು ನೋಡಿ.

ಟಯರಿನ ಬಗ್ಗೆ ನಾನು ಹೇಳದಿದ್ದರೆ ಹೇಗೆ! ಇಂಥ ಕಾರು ಓಡುವುದೇ ಕಡಿಮೆ. ಹಾಗಾಗಿ ಟಯರ್ ಸವೆಯುವುದಿಲ್ಲ, ಹಳತಾಗುತ್ತದೆ. ಪಕ್ಕದಲ್ಲಿ ಡಿಒಟಿ ಎಂದು ಇರುವಲ್ಲಿ ಕೊನೆಯ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದನ್ನು ನಾನು ನಮ್ಮ ಮಳೆಯಲ್ಲಿ ನಂಬುವುದಿಲ್ಲ, ಗೆರೆ ಎಷ್ಟೇ ಆಳ ಇರಲಿ. ಮುಂದಿನ ಟಯರಿಗೂ ಹಿಂದಿನದಕ್ಕೂ ಅಳತೆ ಬೇರೆ, ಅದಲು ಬದಲು ಮಾಡಲು ಆಗುವುದಿಲ್ಲ. ನಾಲ್ಕೂ ಹೊಸತು ಹಾಕುವ ಖರ್ಚನ್ನು ಬೆಲೆಯಲ್ಲಿ ಇಳಿಸಲು ಕೇಳಿ.

ಮನೆಗೆ ಬಂದ ದಿನ, ಮೊದಲ ಓಟ

ನೆರೆಕರೆಯವರೆಲ್ಲ ಬರುತ್ತಾರೆ, ತಯಾರಾಗಿರಿ. ನಮ್ಮಲ್ಲಿ ಮೊದಲ ಮಾತೇ "ಇಂಜಿನ್ ತೋರಿಸು". ಮುಂದೆ ಎತ್ತಿದೆ, ಖಾಲಿ ಡಿಕ್ಕಿ. ಹಿಂದೆ ಎತ್ತಿದೆ, ಅಲ್ಲೂ ಡಿಕ್ಕಿ. ಕೆಳಮನೆಯ ಭಟ್ರು ಬಗ್ಗಿ ಅಡಿಯಲ್ಲೂ ನೋಡಿ, "ಇಂಜಿನ್ ಆಮೇಲೆ ಕಳಿಸ್ತಾರಾ ಮಾರಾಯಾ?" ಎಂದು ಕೇಳಿದರು. ಇಂಜಿನ್ ಸೀಟಿನ ಹಿಂದೆ ಮುಚ್ಚಿದ ಪೆಟ್ಟಿಗೆಯಲ್ಲಿದೆ. ನಮಗೆ ಸಿಗುವುದು ಹಿಂದಿನ ಡಿಕ್ಕಿಯಲ್ಲಿರುವ ಎರಡು ಮುಚ್ಚಳ ಮಾತ್ರ, ಒಂದು ಆಯಿಲಿಗೆ, ಇನ್ನೊಂದು ಕೂಲೆಂಟಿಗೆ. ಒಂದು ಗೋಣಿ ಅಡಕೆ ಹಿಡಿಸ್ತದಾ ಎಂದೂ ಕೇಳಿದರು. ಮುಂದಿನ ಡಿಕ್ಕಿ 150 ಲೀಟರಿನದ್ದು. ಸಣ್ಣ ಗೋಣಿ ಹಿಡಿಸುತ್ತದೆ, ಆದರೆ ಹಾಕಬೇಡಿ.

ಅಮ್ಮ ಕೂತ ಕೂಡಲೇ, "ನೆಲದಲ್ಲಿ ಕೂತ ಹಾಗೆ ಆಗ್ತದೆ ಮಗಾ, ಇನ್ನು ಏಳುವುದು ಹೇಗೆ?" ಅಂದರು. ಪ್ರಾಯದವರಿಗೆ ಇದನ್ನು ಮೊದಲೇ ಹೇಳಿಕೊಡಿ. ಇಳಿಯುವಾಗ ಎರಡೂ ಕಾಲನ್ನು ಒಟ್ಟಿಗೆ ಹೊರಗಿಟ್ಟು, ಬಾಗಿಲಿನ ಕಂಬ ಹಿಡಿದು, ಮತ್ತೆ ಏಳುವುದು.

ಮೊದಲ ಓಟಕ್ಕೆ ಭಾನುವಾರ ಬೆಳಗ್ಗೆ, ಬಸ್ಸುಗಳು ಹೊರಡುವ ಮೊದಲು. ನಾನು ಹೋದದ್ದು ಬದಿಯಡ್ಕದಿಂದ ಚೆರ್ಕಳ, ಕಾಸರಗೋಡು ಪೇಟೆ, ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ, ಬೇಕಲ ಕೋಟೆ ತನಕ. ಹೊಸಬರಿಗೆ ನಾನು ಹೇಳುವುದೂ ಇದೇ ದಾರಿ. ಆರು ಪಥದ ಹೆದ್ದಾರಿ ಹತ್ತಲು ಅವಸರ ಬೇಡ. ನೇರ ರಸ್ತೆಯಲ್ಲಿ ಯಾವ ಕಾರಾದರೂ ಓಡುತ್ತದೆ, ಇದರ ಗುಣ ತಿಳಿಯುವುದು ತಿರುವಿನಲ್ಲಿ.

ಮೊದಲ ಹದಿನೈದು ನಿಮಿಷ ಇಂಜಿನ್ನನ್ನು 4,000 ಆರ್‌ಪಿಎಂ ದಾಟಿಸಬೇಡಿ. ಕೂಲೆಂಟ್ ಮುಳ್ಳು ಬೇಗ ಮೇಲೆ ಬರುತ್ತದೆ, ಆಯಿಲ್ ಬಿಸಿಯಾಗುವುದು ಅದಕ್ಕಿಂತ ನಿಧಾನ. ಟಾಪು ತೆಗೆಯಲು 12 ಸೆಕೆಂಡು ಸಾಕು, ಗಂಟೆಗೆ 50 ಕಿ.ಮೀ. ತನಕ ಓಡುತ್ತಲೇ ತೆಗೆಯಬಹುದು. ಆದರೂ ಮೊದಲ ಸಲ ನಿಲ್ಲಿಸಿಯೇ ತೆಗೆಯಿರಿ. ಫೆಬ್ರವರಿಯ ಬೆಳಗ್ಗೆಯಾದರೆ ತೋಟದ ಬದಿಯಲ್ಲಿ ಅಡಕೆ ಹಿಂಗಾರದ ಪರಿಮಳ ನೇರ ಮುಖಕ್ಕೆ ಬರುತ್ತದೆ. ಚೆರ್ಕಳದ ಕಡೆಗೆ ಗುಡ್ಡ ಕಡಿದು ರಸ್ತೆ ಮಾಡಿದಲ್ಲಿ ಎರಡೂ ಬದಿ ಮುರಕಲ್ಲಿನ ಗೋಡೆ. ಅಲ್ಲಿ ಎರಡನೇ ಗಿಯರಿನಲ್ಲಿ ಆಕ್ಸಿಲೇಟರ್ ಒತ್ತಿದಾಗ ಬೆನ್ನ ಹಿಂದಿನ ಸದ್ದು ಗೋಡೆಗೆ ಬಡಿದು ಎರಡೂ ಕಿವಿಗೆ ವಾಪಸು ಬಂತು. ಶಾರ್ಜಾದ ಪಾರ್ಕಿಂಗಿನಲ್ಲಿ ಈ ಸದ್ದಿನ ಕಾಲು ಭಾಗವೂ ಕೇಳಿರಲಿಲ್ಲ. ನಾನು ಜೋರಾಗಿ ನಕ್ಕುಬಿಟ್ಟೆ. ಹಾಲಿನ ಕ್ಯಾನು ಹಿಡಿದು ನಿಂತವರೊಬ್ಬರು ನೋಡುತ್ತಿದ್ದರು, ನಾಚಿಕೆ ಆಗಲಿಲ್ಲ.

ಈಗ ವೇಗದ ಮಾತು. ಕೇರಳದಲ್ಲಿ ಕಾರಿಗೆ ಆರು ಪಥದ ರಾಷ್ಟ್ರೀಯ ಹೆದ್ದಾರಿಯಲ್ಲಿ 110, ಜಿಲ್ಲಾ ರಸ್ತೆಯಲ್ಲಿ 80, ಪೇಟೆಯಲ್ಲಿ 50. ಬಾಕ್ಸ್ಟರ್ ಎರಡನೇ ಗಿಯರಿನಲ್ಲೇ 80 ಮುಟ್ಟುತ್ತದೆ. 2023ರ ಜೂನ್‌ನಿಂದ ಎಐ ಕ್ಯಾಮೆರಾ ಬೇರೆ ಇದೆ. ಎರಡು ಮತ್ತು ಮೂರನೇ ಗಿಯರಿನಲ್ಲಿ, ತಿರುವಿನ ರಸ್ತೆಯಲ್ಲಿ ಸಿಗುವ ಖುಷಿಗೇ ಈ ಕಾರು. ಅಷ್ಟು ಸಾಲದು ಅನ್ನುವವರು ಹಣ ಉಳಿಸಿಕೊಳ್ಳುವುದು ಒಳ್ಳೆಯದು.

ಮಳೆಗಾಲ

ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಬೀಳುವ ಜಾಗ ನಮ್ಮದು. ಶೆಡ್ ಬೇಕೇ ಬೇಕು. ತೆಂಗಿನ ಮರದ ಅಡಿ ಬೇಡ, ಅದನ್ನು ಹೇಳಬೇಕಾಗಿಲ್ಲ. ಹಲಸಿನ ಮರದ ಅಡಿಯೂ ಬೇಡ, ಎಲೆ ನೇರ ಆ ತೂತಿಗೇ ಹೋಗುತ್ತದೆ. ಮೇ ಕೊನೆಗೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ಹಗ್ಗದ ತುಂಡು ಹಾಕಿ ತೂತುಗಳನ್ನು ಬಿಡಿಸಿ. ತಂತಿ ಹಾಕಬೇಡಿ, ಕಂಪ್ರೆಸರ್ ಗಾಳಿ ಬಿಡಬೇಡಿ. ಒಳಗಿನ ಪೈಪು ಕಳಚಿದರೆ ಕೆಲಸ ದೊಡ್ಡದು.

ಒದ್ದೆ ಟಾಪನ್ನು ಮಡಚಬೇಡಿ, ಬೂಸಲು ಹಿಡಿಯುತ್ತದೆ. ಹೊರಗೆ ಪಾಚಿ ಕಂಡರೆ ಮೆದು ಬ್ರಷ್ಷಿನಲ್ಲಿ ಉಜ್ಜಿ, ಪ್ರೆಶರ್ ವಾಷರ್ ಬೇಡ. ಕಾರಿನ ಒಳಗೆ ತೇವ ಎಳೆಯುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬ ಇಡಿ, ತುಂಬಿದ ಹಾಗೆ ಚೆಲ್ಲಿ. ಶೆಡ್ಡಿನಲ್ಲಿ ಅಡಕೆ, ಹಿಂಡಿ ಇಡಬೇಡಿ, ಇಲಿ ವಯರಿಗೆ ಬರುತ್ತದೆ. ಪೆಟ್ರೋಲ್ ಫುಲ್ ಮಾಡಿ ನಿಲ್ಲಿಸಿ. ಈಗ ಬರುವುದು 20 ಶೇಕಡಾ ಎಥೆನಾಲ್ ಇರುವುದು, ಆ ಕಾಲದ ಕಾರು 10ಕ್ಕೆ ಮಾಡಿದ್ದು. ಎಥೆನಾಲ್ ತೇವ ಹೀರುತ್ತದೆ, ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆ ಇದ್ದಷ್ಟು ಒಳ್ಳೆಯದು. ವಾರಕ್ಕೊಮ್ಮೆ ಮಳೆ ಬಿಟ್ಟ ಹೊತ್ತು ನೋಡಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ. ಸುಮ್ನೆ ಅಂಗಳದಲ್ಲಿ ಸ್ಟಾರ್ಟ್ ಮಾಡಿ ಬಿಟ್ಟರೆ ಪ್ರಯೋಜನ ಇಲ್ಲ.

ಆದರೂ ಬ್ಯಾಟರಿ ಒಂದಲ್ಲ ಒಂದು ದಿನ ಕೈ ಕೊಡುತ್ತದೆ. ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ, ಡಿಕ್ಕಿ ತೆರೆಯುವುದು ಕರೆಂಟಿನಲ್ಲಿ. ಹಾಗಾದರೆ ತೆರೆಯುವುದು ಹೇಗೆ? ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಡಬ್ಬ ತೆಗೆಯಿರಿ. ಒಳಗೆ ಎಳೆದರೆ ಹೊರಬರುವ ಒಂದು ಪ್ಲಸ್ ಟರ್ಮಿನಲ್ ಇದೆ. ಇನ್ನೊಂದು ಬ್ಯಾಟರಿಯ ಕೆಂಪು ಕೇಬಲ್ ಅದಕ್ಕೆ, ಕಪ್ಪು ಕೇಬಲ್ ಬಾಗಿಲಿನ ಲಾಕ್ ಕೂರುವ ಲೋಹದ ಕೊಂಡಿಗೆ. ಆಗ ರಿಮೋಟ್ ಒತ್ತಿದರೆ ಡಿಕ್ಕಿ ತೆರೆಯುತ್ತದೆ. ಇದರಿಂದ ಇಂಜಿನ್ ಸ್ಟಾರ್ಟ್ ಮಾಡಲು ಹೋಗಬೇಡಿ, ಡಿಕ್ಕಿ ತೆರೆಯಲು ಮಾತ್ರ. ಕೇಬಲನ್ನು ಮನೆಯೊಳಗೆ ಇಡಿ, ಡಿಕ್ಕಿಯೊಳಗೆ ಇಡಬೇಡಿ.